ತಿರುವಿನಲ್ಲಿ ಒಡೆದ ಬೂದುಗುಂಬಳ

ಪ್ರತಿ ವರ್ಷ ಎಂಜಿನಿಯರಿಂಗ್ ಕಾಲೇಜಿನ ಹೊಸ ಮಕ್ಕಳು ನಮ್ಮ ಆಫೀಸಿಗೆ ಇಂಟರ್ನ್‌ಶಿಪ್‌ಗೆ ಬರುತ್ತಾರೆ. ನಮ್ಮದು ರಸ್ತೆ ಸಾರಿಗೆಗೆ ಸಲಹೆ ಕೊಡುವ ಕಂಪನಿ. ಎಲ್ಲಿ ರಸ್ತೆ ಅಗಲವಾಗಬೇಕು, ಎಲ್ಲಿ ಜನ ಬಿದ್ದು ಸಾಯುತ್ತಿದ್ದಾರೆ, ಯಾಕೆ ಸಾಯುತ್ತಿದ್ದಾರೆ ಎಂದು ಅಳೆದು ನೋಡಿ ಸರ್ಕಾರಕ್ಕೆ ವರದಿ ಕೊಡುತ್ತೇವೆ. ಮೊದಲ ದಿನ ಮಕ್ಕಳು ಇಸ್ತ್ರಿ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪ್ ತಬ್ಬಿಕೊಂಡು ಕೂತು, "ಮೇಡಂ, ಇಲ್ಲಿ ನಮಗೆ ಏನೇನು ಇರುತ್ತೆ?" ಎಂದು ಕೇಳುತ್ತಾರೆ. ನಾನು ಎಡಗೈ ಎತ್ತಿ ತೋರಿಸುತ್ತೇನೆ. ಕಿರುಬೆರಳು ಮಡಚುವುದಿಲ್ಲ, ಹೊರಕ್ಕೆ ಸೊಟ್ಟಗೆ ನಿಂತಿದೆ. "ಇದು ಇರುತ್ತೆ" ಎನ್ನುತ್ತೇನೆ. ಅವರು ನಗುತ್ತಾರೆ. ನಾನು ನಗುವುದಿಲ್ಲ.

ನನಗೆ ಸಿಟ್ಟು ಜಾಸ್ತಿ. ಶಿರಾದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬೆಳೆದವಳು. ಕನ್ನಡದಲ್ಲಿ ಬೈಗುಳ ಮುಗಿದರೆ ಉರ್ದುವಿನಲ್ಲಿ ಮುಂದುವರಿಸುವಷ್ಟು ವಿದ್ಯೆ ಶಾಲೆಗೆ ಹೋಗುವ ಮೊದಲೇ ಬಂದಿತ್ತು. "ಸಿಟ್ಟಿನಲ್ಲಿ ಕುಯ್ಕೊಂಡ ಮೂಗು ಸಮಾಧಾನ ಆದ್ಮೇಲೆ ಬತ್ತದೇನೇ?" ಎಂದು ಅಮ್ಮ ದಿನಾ ಕೇಳುತ್ತಿದ್ದಳು. ನನ್ನ ವಿಷಯದಲ್ಲಿ ಹೋದದ್ದು ಮೂಗಲ್ಲ, ಬೆರಳು. ಹೋಗಿದ್ದಕ್ಕೆ ನನಗೆ ಬೇಜಾರೂ ಇಲ್ಲ.

ನಾನು ಇಂಥದ್ದೇ ಇನ್ನೊಂದು ಕಂಪನಿಯಲ್ಲಿ ಇಂಟರ್ನ್ ಆಗಿದ್ದಾಗ ನಮ್ಮನ್ನು ಮಧುಗಿರಿಗೆ ಕಳಿಸಿದರು. ಬೆಟ್ಟದ ಬುಡದಲ್ಲಿ ಒಂದು ಬಾಡಿಗೆ ಮನೆ, ಅದರ ಹಾಲೇ ಆಫೀಸು. ನಾನು ಮತ್ತು ಕೊರಟಗೆರೆಯ ಒಬ್ಬ ಹುಡುಗ, ಇಬ್ಬರೇ ವಿದ್ಯಾರ್ಥಿಗಳು. ಅವನು ಪೂಜಾರಿಕೆಯ ಮನೆಯವನು, ಕೊರಳಲ್ಲಿ ಲಿಂಗ, ಬಾಯಲ್ಲಿ ಮೆದು ಮಾತು. ಇಬ್ಬರೂ ಎಸಿ ರೂಮು, ಕಂಪ್ಯೂಟರು, ಬಣ್ಣಬಣ್ಣದ ನಕ್ಷೆ ಎಂದು ಕನಸು ಕಂಡುಕೊಂಡು ಹೋಗಿದ್ದೆವು. ಸಿಕ್ಕಿದ್ದು ಹೊಳೆಯುವ ಪಟ್ಟಿಯ ಜಾಕೆಟ್ಟು, ಅಳತೆ ಟೇಪು, ಬಿಸಿಲು ಮತ್ತು ಒಬ್ಬ ಸೈಟ್ ಎಂಜಿನಿಯರ್.

ಆ ಎಂಜಿನಿಯರ್ ಸಾಹೇಬರಿಗೆ ಮಾತಾಡಲು ಬರುತ್ತಿರಲಿಲ್ಲ, ಕಿರುಚಲು ಬರುತ್ತಿತ್ತು. ಎರಡನೇ ದಿನವೇ ಅಳತೆ ತಪ್ಪಿತೆಂದು ಕಬ್ಬಿಣದ ಟೇಪಿನ ಡಬ್ಬಿಯನ್ನು ನನ್ನ ಜೊತೆಗಾರನ ಮೇಲೆ ಎಸೆದರು. ಅದು ಅವನ ಹುಬ್ಬಿಗೆ ತಗುಲಿ ರಕ್ತ ಇಳಿಯಿತು. "ಕತ್ತೆ ಕಾಯೋಕೂ ಲಾಯಕ್ಕಿಲ್ಲ ನೀವು" ಎಂದರು. ಅವನು ಕರ್ಚೀಫಿನಿಂದ ಹುಬ್ಬು ಒತ್ತಿಕೊಂಡು "ಸಾರಿ ಸರ್" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಡಬ್ಬಿ ಎತ್ತಿಕೊಂಡು ಅವರತ್ತಲೇ ವಾಪಸ್ ಬೀಸಿದೆ. ಗುರಿ ತಪ್ಪಿ ಜೀಪಿನ ಬಾಗಿಲಿಗೆ ಬಡಿಯಿತು. ಅಂದಿನಿಂದ ಅವರು ನನ್ನನ್ನು "ರೌಡಿ" ಎಂದೇ ಕರೆಯುತ್ತಿದ್ದರು.

ಹೊರಗಿನವರ ಏಟು ಬೇರೆ. ರಸ್ತೆ ಅಳೆಯುವವರನ್ನು ಕಂಡರೆ ನಮ್ಮ ಕಡೆ ಜನಕ್ಕೆ ಒಂದೇ ಅರ್ಥ: ರಸ್ತೆ ಅಗಲ ಮಾಡ್ತಾರೆ, ಅಂಗಡಿ ಒಡೀತಾರೆ. ಒಂದು ಊರಿನಲ್ಲಿ ಹೋಟೆಲಿನವನು ಲೋಟ ತೊಳೆದ ಬಿಸಿನೀರನ್ನು ನಮ್ಮ ಕಾಲಿಗೆ ಎರಚಿದ. ಇನ್ನೊಂದು ಕಡೆ ಮುದುಕಿಯೊಬ್ಬಳು ಪೊರಕೆ ಹಿಡಿದು ಅಟ್ಟಿಸಿಕೊಂಡು ಬಂದಳು. ಇದನ್ನೆಲ್ಲ ಯಾವ ಪಾಠದಲ್ಲೂ ಹೇಳಿರಲಿಲ್ಲ.

ನಮ್ಮ ಕೆಲಸ ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯ ಮೇಲಿತ್ತು. ಅದರಲ್ಲಿ ಒಂದು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಹುಣಸೆ ಮರ, ಅದರಡಿ ಒಂದು ಟೀ ಅಂಗಡಿ. ಅಲ್ಲಿ ಬೈಕುಗಳು ಬೀಳುತ್ತಿದ್ದವು. ತಿರುವು ಅಂಥ ಕಡಿದೂ ಅಲ್ಲ, ಡಾಂಬರು ಹೊಸದು, ಗುಂಡಿ ಇಲ್ಲ. ಆದರೂ ಬೀಳುತ್ತಿದ್ದವು. ಯಾಕೆ ಎಂದು ಹುಡುಕುವುದೇ ನಮ್ಮ ಕೆಲಸ. ಇಡೀ ದಿನ ಅಂಚಿನಲ್ಲಿ ನಿಂತು, ಬಂದ ಬಂದ ಗಾಡಿಗೆ ಸ್ಪೀಡ್ ಗನ್ ಹಿಡಿದು ವೇಗ ಬರೆದುಕೊಳ್ಳುವುದು. ಟೀ ಅಂಗಡಿಯವರನ್ನು ಕೇಳಿದರೆ, "ಜಾಗ ಸರಿ ಇಲ್ಲ ಕಣಮ್ಮ, ಬಲಿ ಕೇಳ್ತೈತೆ" ಎನ್ನುತ್ತಿದ್ದರು. ನಾನು ಮುಖಕ್ಕೆ ಹೊಡೆದಂತೆ, "ಅದನ್ನ ವರದೀಲಿ ಬರೆಯಕ್ಕಾಗಲ್ಲ, ಬೇರೆ ಏನಾದ್ರೂ ಇದ್ರೆ ಹೇಳಿ" ಎನ್ನುತ್ತಿದ್ದೆ.

ನಮ್ಮ ಜೀಪಿನ ಡ್ರೈವರಣ್ಣ ಕೊಳಾಲದ ಕಡೆಯವನು. ಐವತ್ತು ದಾಟಿದವನು, ಖಾಕಿ ಅಂಗಿ, ಕಿವಿಯಲ್ಲಿ ಬೀಡಿ. ಎಂಜಿನಿಯರ್ ಕಿರುಚಿದ ದಿನ ನಮಗೆ ಹುರಿಗಡಲೆ ತಂದುಕೊಡುತ್ತಿದ್ದ. ನಾವು ರಸ್ತೆ ಅಂಚಿನಲ್ಲಿ ನಿಲ್ಲುವುದನ್ನು ಕಂಡರೆ ಅವನಿಗೆ ಜೀವ ಹಾರುತ್ತಿತ್ತು. "ಯಾರೋ ಹೆತ್ತ ಮಕ್ಳು, ಲಾರಿ ಬಾಯಿಗೆ ನಿಲ್ಲುಸ್ತಾರಲ್ಲಪ್ಪ" ಎಂದು ತನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದ.

ಅಮಾವಾಸ್ಯೆ ದಿನ ಬೆಳಿಗ್ಗೆ ಅವನು ಒಂದು ಬೂದುಗುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ತಿರುವಿನಲ್ಲಿ ಜೀಪು ನಿಲ್ಲಿಸಿ, ಕಾಯಿಗೆ ತೂತು ಕೊರೆದು ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ನಮ್ಮಿಬ್ಬರನ್ನೂ ಜೀಪಿನ ಮುಂದೆ ನಿಲ್ಲಿಸಿ ಇಳಿ ತೆಗೆದ. "ಊರ ಕಣ್ಣು, ಕೇರಿ ಕಣ್ಣು, ಈ ಜಾಗದ ಕಣ್ಣು ಎಲ್ಲಾ ಇದುಕ್ಕೆ ಹೋಗ್ಲಿ" ಎಂದು ನಡು ರಸ್ತೆಗೆ ಎತ್ತಿ ಒಡೆದ. ಕೆಂಪು ತಿರುಳು ಡಾಂಬರಿನ ಮೇಲೆಲ್ಲ ಚೆಲ್ಲಿತು. ಕೋಳಿ ಕುಯ್ದ ಜಾಗದಂತೆ ಕಾಣುತ್ತಿತ್ತು. ಅದೊಂದೇ ಅಲ್ಲ, ನಮಗಿಂತ ಮುಂಚೆ ಬಂದ ಲಾರಿಯವರು, ಟೆಂಪೋದವರು ಒಡೆದ ಕಾಯಿಗಳ ಚೂರುಗಳೂ ಅಲ್ಲೇ ಬಿದ್ದಿದ್ದವು. ಜಾಗ ಕೆಟ್ಟದ್ದು ಎಂದು ಹೆಸರಾದ ಮೇಲೆ ಎಲ್ಲರೂ ಅಲ್ಲಿಗೇ ತಂದು ಒಡೆಯುತ್ತಿದ್ದರು.

ನಾನು ಕಾಲಿನಿಂದ ಚೂರುಗಳನ್ನು ಪಕ್ಕಕ್ಕೆ ತಳ್ಳಲು ಹೋದೆ. ಅಣ್ಣ ನನ್ನ ರಟ್ಟೆ ಹಿಡಿದು ಎಳೆದ.

"ಮುಟ್ಬ್ಯಾಡ ಕಣವ್ವ! ಯಾರು ಮುಟ್ತಾರೋ ಅವ್ರಿಗೆ ಹತ್ಕೊಂಬುಡ್ತೈತೆ. ತಿರುಗಿ ಕೂಡಾ ನೋಡ್ಬಾರ್ದು, ನಡಿ."

"ಅಣ್ಣಾ, ರಸ್ತೆ ನಡುವೆ ಹಿಂಗೆ ಬಿಟ್ರೆ..."

"ಗಾಡಿ ಚಕ್ರ ತುಳ್ಕೊಂಡು ಹೋಗ್ತಾವೆ, ಒಣಗೋಯ್ತದೆ ಬುಡು."

ಎಂಜಿನಿಯರ್ ಸಾಹೇಬರೂ ಕುಂಕುಮ ಇಟ್ಟುಕೊಂಡು ಕೈ ಮುಗಿದರು. ಓದಿದವರು, ಓದದವರು ಎಂಬ ಭೇದ ಅಲ್ಲಿರಲಿಲ್ಲ. ನಮ್ಮೂರಿನಲ್ಲಿ ಯಾರೂ ಆ ಚೂರನ್ನು ಮುಟ್ಟುವುದಿಲ್ಲ. ಪೌರಕಾರ್ಮಿಕರೂ ಅದನ್ನು ಬಿಟ್ಟು ಸುತ್ತ ಗುಡಿಸುತ್ತಾರೆ.

ಸ್ವಲ್ಪ ಹೊತ್ತಿಗೆ ಅಮಾವಾಸ್ಯೆಯ ಜನ ಶುರುವಾಯಿತು. ಪಾವಗಡದ ಕಡೆಯಿಂದ ಗೊರವನಹಳ್ಳಿಯ ಲಕ್ಷ್ಮಿ ನೋಡಲು ಹೋಗುವವರು, ಬಸ್ಸು, ಆಟೋ, ಬೈಕು. ಆ ಗುಂಪಿನಲ್ಲಿ ಒಂದು ಬೈಕು ಬಂತು. ಮುಂದೆ ಮಗ, ಹಿಂದೆ ಹಸಿರು ಸೀರೆಯ ತಾಯಿ, ಮಡಿಲಲ್ಲಿ ಹಣ್ಣುಕಾಯಿಯ ಬುಟ್ಟಿ. ಎದುರಿನಿಂದ, ಮಧುಗಿರಿಯ ಕಡೆಯಿಂದ, ಸಿಮೆಂಟ್ ಮೂಟೆಯ ಲಾರಿ. ನನ್ನ ಸ್ಪೀಡ್ ಗನ್ ಲಾರಿಯ ಮೇಲಿತ್ತು. ನಿಧಾನವಾಗೇ ಬರುತ್ತಿತ್ತು, ಎತ್ತಿನಗಾಡಿಯನ್ನೂ ಹಿಂದೆ ಹಾಕದಷ್ಟು ನಿಧಾನ. ಬೈಕಿನ ಮುಂದಿನ ಚಕ್ರ ಆ ಕೆಂಪು ತಿರುಳಿನ ಮೇಲೆ ಹತ್ತಿತು. ಬ್ರೇಕ್ ಹಾಕಿದ ಸದ್ದೂ ಬರಲಿಲ್ಲ. ಬೈಕು ಮಲಗಿತು. ಮಗ ಬಂಡೆಯ ಕಡೆ ಉರುಳಿದ. ತಾಯಿ ಸೀರೆ ಸಮೇತ ಜಾರಿಕೊಂಡು ನೇರ ಲಾರಿಯ ಕೆಳಗೆ ಹೋದಳು. ಲಾರಿ ಗಕ್ಕನೆ ನಿಂತಿತು. ಆದರೆ ಮುಂದಿನ ಚಕ್ರ ಅವಳ ಮೊಣಕಾಲಿನ ಕೆಳಗೆ ಹತ್ತಿ ನಿಂತುಬಿಟ್ಟಿತ್ತು.

ಅವಳು ಕೂಗಿದ ಕೂಗು ಮನುಷ್ಯರದ್ದಾಗಿರಲಿಲ್ಲ.

ಟೀ ಅಂಗಡಿಯಿಂದ ಜನ ಎದ್ದು ಓಡಿಬಂದರು. ಹೊಲದಿಂದ, ನಿಂತ ಬಸ್ಸಿನಿಂದ, ಎಲ್ಲಿಂದಲೋ ಬಂದರು. "ಲಾರಿಯೋನು ಗುದ್ಬುಟ್ಟ! ಎಳೀರ್ಲಾ ಅವನ್ನ ಕೆಳಕ್ಕೆ!" ಲಾರಿಯ ಡ್ರೈವರ್ ಗೇರು ಹಿಂದಕ್ಕೆ ಹಾಕಲು ಕೈ ಇಟ್ಟಿದ್ದ, ನಾನೇ ಕಂಡೆ. ಅಷ್ಟರಲ್ಲಿ ಕಲ್ಲು ಬಿದ್ದು ಮುಂದಿನ ಗಾಜು ಪುಡಿಯಾಯಿತು. ಬಾಗಿಲು ತೆಗೆದು ಕೂದಲು ಹಿಡಿದು ಅವನನ್ನು ನೆಲಕ್ಕೆ ಕೆಡವಿದರು. ಹೆಂಗಸಿನ ಕಾಲು ಇನ್ನೂ ಚಕ್ರದ ಕೆಳಗೇ ಇತ್ತು. ಲಾರಿ ಹಿಂದಕ್ಕೆ ತೆಗೆಯಬೇಕಾದವನನ್ನೇ ಹಿಡಿದು ಚಚ್ಚುತ್ತಿದ್ದರು. ಅಷ್ಟು ಜನರಲ್ಲಿ ಒಬ್ಬನಿಗೂ ಅದು ಹೊಳೆಯಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಹಲ್ಲು ಕಡಿಯುತ್ತೇನೆ.

ನಮ್ಮ ಡ್ರೈವರಣ್ಣ ಒಬ್ಬನೇ ಬುದ್ಧಿ ಓಡಿಸಿದ. ಆ ಕಡೆಯ ಬಾಗಿಲಿನಿಂದ ಲಾರಿ ಹತ್ತಿ, ಗಾಜಿನ ಚೂರಿನ ಮೇಲೇ ಕೂತು, ಲಾರಿಯನ್ನು ಗೇಣು ಗೇಣಾಗಿ ಹಿಂದಕ್ಕೆ ತೆಗೆದ. ನನ್ನ ಮೆದು ಮಾತಿನ ಜೊತೆಗಾರ ಆ ತಾಯಿಯ ಪಕ್ಕ ಕುಕ್ಕರಿಸಿ, ತನ್ನ ಜಾಕೆಟ್ಟನ್ನು ತೊಡೆಗೆ ಬಿಗಿದು ಕಟ್ಟಿ, ಇನ್ನೊಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನು ಹಚ್ಚಿದ. ಕಾಲು ಉಳಿದಿಲ್ಲ ಎನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಎಂಜಿನಿಯರ್ ಸಾಹೇಬರು ಜೀಪಿನೊಳಗೆ ಸೇರಿಕೊಂಡು ಗಾಜು ಏರಿಸಿಕೊಂಡಿದ್ದರು. ನಾನು ಗಾಜು ಬಡಿದು, "ಸರ್, ಲಾರಿದು ತಪ್ಪಿಲ್ಲ, ಗನ್‌ನಲ್ಲಿ ಸ್ಪೀಡ್ ಇದೆ, ಬಂದು ಹೇಳಿ!" ಎಂದು ಕಿರುಚಿದೆ. ಅವರು ಗಾಜನ್ನು ಬೆರಳಷ್ಟು ಇಳಿಸಿ, "ಬಾಯಿ ಮುಚ್ಕೊಂಡು ಒಳಗೆ ಕೂತ್ಕೊ. ಕಾಯಿ ಒಡೆದಿದ್ದು ನಮ್ಮ ಜೀಪಿನೋನು. ಕಂಪನಿ ಹೆಸರು ಬಂದ್ರೆ ನಿನ್ನ ಸರ್ಟಿಫಿಕೇಟ್ ಹರೀತೀನಿ" ಎಂದರು. ಅವರ ಹಣೆಯ ಮೇಲೆ ಆ ಕುಂಕುಮ ಇನ್ನೂ ಇತ್ತು. ನಾನು ಆ ಸಂದಿಯಲ್ಲೇ ಅವರ ಮುಖಕ್ಕೆ ಉಗಿದು ತಿರುಗಿದೆ.

ಅಲ್ಲಿ ಚಪ್ಪಲಿ ಏಟು ಮುಗಿದು ಜ್ಯಾಕ್ ರಾಡು ಬಂದಿತ್ತು. ಲಾರಿಯವನು ಇಪ್ಪತ್ತೈದರ ಹುಡುಗ, ಪಾವಗಡದ ಗಡಿಯವನು. ಬಾಯಿಂದ ರಕ್ತ ಸುರಿಯುತ್ತಿದ್ದರೂ ಕೈ ಜೋಡಿಸಿ, "ನೇನು ಗುದ್ದಲೇದು ಸಾಮೀ, ಜಾರಿ ವಚ್ಚಿಂದಿ ಸಾಮೀ" ಎನ್ನುತ್ತಿದ್ದ. ನಾನು ಗುದ್ದಲಿಲ್ಲ, ಅವಳೇ ಜಾರಿ ಬಂದಳು ಎಂದು. ಅದು ಗೊತ್ತಾಗದ ಜನ ಯಾರೂ ಅಲ್ಲಿರಲಿಲ್ಲ. ಆ ಕಡೆ ಎಲ್ಲರಿಗೂ ತೆಲುಗು ಬರುತ್ತದೆ. ಕೇಳಿಸಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ, ಅಷ್ಟೆ. ಹಿಂದಿನಿಂದ ಒಬ್ಬ, "ಡೀಸೆಲ್ ಟ್ಯಾಂಕಿಗೆ ಬೆಂಕಿ ಇಕ್ರೋ, ಇವನ್ನೂ ಅದ್ರೊಳಕ್ಕೆ ಹಾಕ್ರೋ!" ಎಂದು ಕೂಗಿದ. ಅವರು ಅವನನ್ನು ಸಾಯಿಸುತ್ತಾರೆ ಎಂದು ನನಗೆ ಆಗ ಖಾತ್ರಿಯಾಯಿತು.

ನಾನು ನುಗ್ಗಿದೆ. ಮೊಣಕೈಯಿಂದ ತಿವಿದೆ, ಒಬ್ಬನ ಕೈ ಕಚ್ಚಿದೆ, ಶಿರಾದ ಬೀದಿಯಲ್ಲಿ ಕಲಿತದ್ದೆಲ್ಲ ಬಾಯಿಗೆ ಬಂತು. "ಲಾರಿ ಗುದ್ದಿಲ್ಲ ಕಣ್ರೋ! ಬೈಕು ಕುಂಬಳಕಾಯಿ ಮೇಲೆ ಜಾರಿದ್ದು! ನಾನು ನೋಡಿದ್ದೀನಿ!" ಎಂದು ಕೂಗುತ್ತಾ ಹುಡುಗನ ತಲೆಗೆ ಅಡ್ಡ ಎಡಗೈ ಇಟ್ಟೆ. ರಾಡು ಆ ಕೈಯ ಮೇಲೆ ಬಿತ್ತು. ಹಸಿ ಕಡ್ಡಿ ಮುರಿದಂಥ ಸದ್ದು ನನಗೇ ಕೇಳಿಸಿತು. ನೋವು ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟೇ.

"ಯಾವೋನೇ ಕಾಯಿ ಒಡ್ದೋನು? ತೋರ್ಸು ಮತ್ತೆ!" ಎಂದು ರಾಡು ಹಿಡಿದವನು ಗದರಿದ.

ಹೆಸರು ಹೇಳಿದರೆ ಈ ಹುಡುಗ ಉಳಿಯುತ್ತಾನೆ, ಅಣ್ಣ ಸಾಯುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಗಾದೆ ಹೇಳುತ್ತಾರಲ್ಲ. ನಮ್ಮಣ್ಣ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ಖಾಕಿ ಅಂಗಿಯ ಹೆಗಲ ಮೇಲೆ ಬೆಳ್ಳನೆಯ ಬೂದಿಯನ್ನು ಹಾಗೇ ಇಟ್ಟುಕೊಂಡು ಲಾರಿಯಿಂದ ಇಳಿದು ಬಂದ.

"ನಾನೇ ಕಣ್ರಪ್ಪಾ ಒಡೆದಿದ್ದು" ಎಂದ.

ಗುಂಪಿನಲ್ಲಿ ಯಾರೋ, "ಅಮಾಸೆ ದಿನ ಕಾಯಿ ಒಡೆಯೋದು ತಪ್ಪೇನ್ಲಾ? ನಾವೂ ಒಡ್ದಿಲ್ವಾ? ಡ್ರೈವರ್ ಡ್ರೈವರ್ ಒಂದಾಗವ್ರೆ, ಇಕ್ರೋ ಇವ್ನಿಗೂ!" ಎಂದ. ಅಣ್ಣನ ಕಿವಿಯ ಮೇಲೆ ಒಂದು ಬಿತ್ತು. ಬೆನ್ನಿಗೆ ಒಂದು ಬಿತ್ತು. ಬೀಡಿ ಹಾರಿಹೋಯಿತು. ಅವನು ತತ್ತರಿಸಿ ಕೆಳಗೆ ಬಿದ್ದ, ಬಿದ್ದದ್ದು ಆ ಚೂರುಗಳ ನಡುವೆ.

ಅಲ್ಲಿಂದ ಅವನು ಎದ್ದದ್ದು ನನ್ನ ಕಣ್ಣಿಗೆ ಕಟ್ಟಿದೆ. ಎರಡು ಕೈಯಲ್ಲೂ ಆ ಕೆಂಪು ತಿರುಳನ್ನು ಬಾಚಿಕೊಂಡು ಎದ್ದ. ಕೈಯ ಕಡೆ ನೋಡಲಾರದೆ ಮುಖ ತಿರುಗಿಸಿಕೊಂಡಿದ್ದ. ಏಟಿಗಲ್ಲ. ತಾನು ಏನು ಮುಟ್ಟಿದ್ದೇನೆ ಎಂಬುದಕ್ಕೆ. ಆ ಕೈ ಮುಂದೆ ಚಾಚಿ ಒಂದು ಹೆಜ್ಜೆ ಇಟ್ಟ. ಎದುರಿಗಿದ್ದವನು ಹಿಂದೆ ಸರಿದ. ಇನ್ನೊಂದು ಹೆಜ್ಜೆ ಇಟ್ಟ. ರಾಡಿನವನೂ ಸರಿದ. "ಏಯ್, ಮೈಗೆ ಹಚ್ಬುಟ್ಟಾನು, ದೂರ ಬರ್ರೋ!" ಎಂದು ಯಾರೋ ಕೂಗಿದರು. ಲಾರಿಗೆ ಬೆಂಕಿ ಇಡಲು ಹೊರಟವರು, ಮನುಷ್ಯನನ್ನು ಸುಡಲು ಹೊರಟವರು, ಒಂದು ಹಿಡಿ ಕುಂಬಳದ ತಿರುಳಿಗೆ ದಾರಿ ಬಿಟ್ಟರು.

ಅಣ್ಣ ಬಂದು ಆ ಹುಡುಗನ ಮೈಮೇಲೆಲ್ಲ ತಿರುಳು ಸವರಿದ. ತನ್ನ ಎದೆಗೆ, ತಲೆಗೆ ಸವರಿಕೊಂಡ. ಅವನನ್ನು ತಬ್ಬಿಕೊಂಡು ರಸ್ತೆಯಲ್ಲೇ ಕೂತ. ಪೊಲೀಸ್ ಜೀಪು ಬರುವವರೆಗೂ ಒಬ್ಬನೂ ಅವರಿಬ್ಬರ ಮೇಲೆ ಕೈ ಮಾಡಲಿಲ್ಲ. ಕಲ್ಲು ಕೂಡ ಎಸೆಯಲಿಲ್ಲ. ನಾನು ಪಕ್ಕದಲ್ಲಿ ಕೂರಲು ಹೋದರೆ ಅಣ್ಣ, "ದೂರ ಇರವ್ವ, ನಿಂಗೆ ತಗುಲ್ತೈತೆ" ಎಂದು ಅಳುತ್ತಾ ಹೇಳಿದ.

ಆ ತಾಯಿ ಬದುಕಿದಳು, ಕಾಲು ತೆಗೆದರು. ಬಂಡೆಗೆ ಬಡಿದು ಎಚ್ಚರ ತಪ್ಪಿದ್ದ ಮಗನೂ ಉಳಿದ. ಲಾರಿ ಹುಡುಗ ತುಮಕೂರಿನ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದ. ಪೊಲೀಸರು ಎಂದಿನಂತೆ ಅವನ ಮೇಲೇ ಕೇಸು ಬರೆದಿದ್ದರು. ನಾನು ಮುರಿದ ಕೈ ಕಟ್ಟಿಕೊಂಡು, ಜೊತೆಗಾರನನ್ನೂ ಎಳೆದುಕೊಂಡು ಸ್ಟೇಷನ್ನಿಗೆ ಹೋಗಿ, ಲಾರಿಯ ವೇಗ ಎಷ್ಟಿತ್ತು, ಬೈಕು ಯಾವುದರ ಮೇಲೆ ಜಾರಿತು ಎಂದು ಹೇಳಿಕೆ ಕೊಟ್ಟೆ. ಮೆದು ಮಾತಿನವನು ಅಂದು ಮೇಜು ಗುದ್ದಿ ಮಾತಾಡಿದ. ಆ ಹೇಳಿಕೆಯಿಂದಲೇ ಹುಡುಗ ಮುಂದೆ ಕೇಸಿನಿಂದ ಪಾರಾದ. ನಮ್ಮಿಬ್ಬರಿಗೂ ಸರ್ಟಿಫಿಕೇಟ್ ಸಿಗಲಿಲ್ಲ. ಅಣ್ಣನ ಕೆಲಸ ಹೋಯಿತು. ಅಪಘಾತದ ನಮೂನೆಯಲ್ಲಿ ರಸ್ತೆ ಹೇಗಿತ್ತು ಎಂದು ಬರೆಯಲು ಮಳೆ, ಕೆಸರು, ಎಣ್ಣೆ ಎಂದೆಲ್ಲ ಇರುತ್ತದೆ, ಬೂದುಗುಂಬಳ ಎಂದು ಇರುವುದಿಲ್ಲ. ಎಂಜಿನಿಯರ್ ಸಾಹೇಬರು "ಒಣ ರಸ್ತೆ" ಎಂದು ಗುರುತು ಹಾಕಿ ವರದಿ ಮುಗಿಸಿದರು. ಆ ತಿರುವಿನಲ್ಲಿ ಅದಕ್ಕೆ ಮುಂಚೆ ಬಿದ್ದವರು ಎಷ್ಟು ಜನ ಅದೇ ತಿರುಳಿನ ಮೇಲೆ ಜಾರಿದ್ದರೋ, ಯಾರೂ ಕೇಳಿರಲಿಲ್ಲ.

ನಾನು ಓದು ಮುಗಿಸಿ ಬೇರೆ ಕಂಪನಿ ಸೇರಿದೆ. ವಿದ್ಯಾರ್ಥಿಗಳ ಜವಾಬ್ದಾರಿ ನನ್ನ ಕೈಗೆ ಬಂದ ಕೂಡಲೇ ಮಾಡಿದ ಮೊದಲ ಕೆಲಸ ಅಣ್ಣನನ್ನು ಹುಡುಕಿ ಕರೆಸಿದ್ದು. ಈಗ ನಮ್ಮ ಜೀಪು ಓಡಿಸುವವನು ಅವನೇ. ಒಂದು ಕಿವಿ ಸರಿಯಾಗಿ ಕೇಳುವುದಿಲ್ಲ.

ಅಮಾವಾಸ್ಯೆಗೆ ಅವನು ಈಗಲೂ ಕಾಯಿ ಒಡೆಯುತ್ತಾನೆ. ಬೇಡ ಎಂದು ಜಗಳ ಆಡಿ ಸೋತಿದ್ದೇನೆ. ಆದರೆ ಒಡೆದ ಮೇಲೆ ತಿರುಗಿ ನೋಡದೆ ಹೋಗುವುದಿಲ್ಲ. ರಸ್ತೆಯಲ್ಲಿ ಮಂಡಿಯೂರಿ ಒಂದೊಂದೇ ಚೂರನ್ನು ಬರಿಗೈಯಲ್ಲಿ ಆರಿಸಿ, ಬಕೆಟ್ಟಿನ ನೀರು ಸುರಿದು ತೊಳೆದು, ಹೊಲದ ಬದುವಿಗೆ ಹಾಕಿ ಬರುತ್ತಾನೆ. ಬೇರೆಯವರು ಒಡೆದದ್ದನ್ನೂ ಆರಿಸುತ್ತಾನೆ. ಅಂದು ರಾತ್ರಿ ಊಟ ಮಾಡುವುದಿಲ್ಲ, ಯಾರ ಮೈಯನ್ನೂ ಮುಟ್ಟುವುದಿಲ್ಲ.

ಕಳೆದ ಅಮಾವಾಸ್ಯೆಗೆ ನಾನು ಪೊರಕೆ ತಂದುಕೊಟ್ಟೆ. ಹೊಸ ಇಂಟರ್ನ್ ಹುಡುಗಿಯರಿಬ್ಬರು ಅಂಚಿನಲ್ಲಿ ಸ್ಪೀಡ್ ಗನ್ ಹಿಡಿದು ನಿಂತಿದ್ದರು.

"ಪೊರಕೇಲಿ ಬ್ಯಾಡ ಕಣವ್ವ" ಎಂದ. "ಇವತ್ತು ಪೊರಕೆಗೆ ಹತ್ಕೊಂಡ್ರೆ ನಾಳೆ ಈ ಮಕ್ಳೇ ಅದನ್ನ ಹಿಡೀತಾರೆ. ನಂಗೇ ತಗುಲ್ಲಿ ಬುಡು, ಆಗ್ಲೇ ತಗುಲಿರೋ ಮೈ ಇದು."

ನನಗೆ ಎಲ್ಲಿತ್ತೋ ಸಿಟ್ಟು. ಅವನ ಮೇಲಲ್ಲ, ಯಾರ ಮೇಲೆ ಎಂದೂ ಗೊತ್ತಿಲ್ಲ. "ತಗುಲೋದಾದ್ರೆ ನಂಗೂ ತಗುಲ್ಲಿ" ಎಂದು ಅವನ ಪಕ್ಕ ಮಂಡಿಯೂರಿ, ಕೆಂಪು ತಿರುಳಿಗೆ ಎಡಗೈ ಚಾಚಿದೆ.

ಅಣ್ಣ ಆ ಕೈಗೆ ಫಟಾರನೆ ಹೊಡೆದ. ಇಷ್ಟು ವರ್ಷದಲ್ಲಿ ನನಗೆ ಒಂದು ಗಟ್ಟಿ ಮಾತೂ ಆಡದವನು, ಸೊಟ್ಟ ಬೆರಳು ಚುರುಗುಟ್ಟುವ ಹಾಗೆ ಹೊಡೆದ. ಹೊಡೆದವನು ತನ್ನ ಕೈ ನನಗೆ ತಗುಲಿತಲ್ಲ ಎಂದು ಬೆಚ್ಚಿಬಿದ್ದು, ಬಕೆಟ್ಟು ಎತ್ತಿಕೊಂಡು ನನ್ನ ಕೈಗೆ ನೀರು ಸುರಿಯತೊಡಗಿದ. ನೀರು ಮುಗಿದ ಮೇಲೂ ಬಕೆಟ್ಟು ಬಗ್ಗಿಸಿಕೊಂಡೇ ನಿಂತಿದ್ದ.